ಅಮೆ ಹೇಳದೆ ಬಿಟ್ಟ ಮನೆ

"ಅಮೆ ಇಪ್ಪರ್ ಕೊಲ್ಲೂರ್ ಮೆಟ್ಲ್ ಹತ್ತೂಕಾತಿಲ್ಲೆ ಅಲ್ದಾ ತುಂಗಕ್ಕ?" ಎಂದು ಪಕ್ಕದಲ್ಲಿ ಮೀನು ಮಾರುವ ಬಾಗಿ, ತನ್ನ ಬಂಗುಡೆಯ ಮೇಲೆ ನೀರು ಚಿಮುಕಿಸುತ್ತ ಅಂದಳು. ತುಂಗಾಳ ಮುಖ ನೋಡದೆ, ಬಂಗುಡೆಗೇ ಹೇಳಿದ ಹಾಗೆ ಅಂದಳು.

ಅಷ್ಟು ಹೊತ್ತಿನಿಂದ ತುಂಗಾ ಶುಕ್ರವಾರದ ಕೊಲ್ಲೂರು ಪ್ರಯಾಣವನ್ನೇ ಹೇಳುತ್ತಿದ್ದಳು. ಯತೀಶನ ಜೀಪು ಬೆಳಿಗ್ಗೆ ಐದೂವರೆಗೆ ಮನೆ ಬಾಗಿಲಿಗೆ ಬರುತ್ತದೆ, ಅಮ್ಮನವರಿಗೆ ಊರಿನ ಸೇವಂತಿಗೆಯದೇ ಮಾಲೆ, ಅದೂ ತೋಟದವರಿಗೆ ಹೇಳಿ ಕಟ್ಟಿಸಿದ್ದು, ಮದುವೆಯಾಗಿ ಏಳು ವರ್ಷವಾದ ಮಗಳು ಶರ್ಮಿಳಾಳ ಮಡಿಲು ತುಂಬಲಿ ಅಂತ ಹೊತ್ತ ಹರಕೆ, ಬ್ರಹ್ಮಾವರದಿಂದ ಅವಳು ಇವತ್ತು ಬುಧವಾರವೇ ಬರುತ್ತಾಳೆ. ಹೆಮ್ಮಾಡಿಯ ಈ ತಗಡಿನ ಮಾಡಿನಡಿ ಮೀನು ಇಟ್ಟುಕೊಂಡು ಕೂರುವ ಆರು ಹೆಂಗಸರೂ ಇದನ್ನು ಸೋಮವಾರದಿಂದ ಕೇಳುತ್ತಲೇ ಇದ್ದರು. ಹೂಂ ಅಂತಲೂ ಇದ್ದರು. ಆ ಹೂಂ ಯಾಕೋ ತೆಳ್ಳಗಿದೆ ಅಂತ ತುಂಗಾಳಿಗೆ ಒಂದೆರಡು ಸಲ ಅನಿಸಿತ್ತು.

"ಯಾರಿಗ್ ಅಮೆ?" ಎಂದಳು ತುಂಗಾ.

ಬಾಗಿ ನಾಲಿಗೆ ಕಚ್ಚಿಕೊಂಡಳು. ಆಚೆ ತುದಿಯಲ್ಲಿ ಕೂತಿದ್ದ ವಿನಯಾ, "ನಿನ್ ಬಾಯಿಗ್ ಬೆಂಕಿ ಹಾಕ," ಅಂತ ಮೆಲ್ಲಗೆ ಅಂದಳು. ಅಷ್ಟು ಸಾಕಾಯಿತು.

"ಬಾಗಿ, ಹೇಳ್ತ್ಯಾ ಇಲ್ಯಾ?"

"ಅಯ್ಯೋ, ನಾ ಎಂತ ಮಾಡ್ಲಿ ತುಂಗಕ್ಕ! ಗೊತ್ತಿದ್ದೂ ಗೊತ್ತಿದ್ದೂ ನಿಮ್ಮನ್ ದೇವಸ್ಥಾನದೊಳ್ಗೆ ಕಳ್ಸ್ರೆ ಆ ಪಾಪ ನನ್ ಮಂಡೆಗೇ ಬಪ್ಪುದ್. ಎರ್ಡ್ ದಿನದಿಂದ ನಂಗ್ ಊಟ ಸೇರುದಿಲ್ಲೆ. ಶರಣ್ಯಂಗೆ ಹೆಣ್ಣ್ ಮಗು. ಸೋಮವಾರ ಬೆಳಗಿನ್ ಜಾವ. ಕುಂದಾಪ್ರ ಆಸ್ಪತ್ರೆಲಿ."

ಶರಣ್ಯಾ ಎಂದರೆ ರತ್ನಳ ಮಗಳು. ರತ್ನ ಎಂದರೆ ತುಂಗಾಳ ಬೆನ್ನಿಗೆ ಬಿದ್ದ ತಂಗಿ. ಅಲ್ಲ, ತಂಗಿಯಾಗಿದ್ದವಳು.

ಇವರಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯ ಕಡೆಯಿಂದ. ಅಕ್ಕತಂಗಿಯರು, ಅವರ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಎಲ್ಲ ಒಂದೇ ಬಳಿ. ಬಳಿಯಲ್ಲಿ ಎಲ್ಲಿ ಮಗು ಹುಟ್ಟಿದರೂ ಬಳಿಯವರಿಗೆಲ್ಲ ಹನ್ನೊಂದು ದಿನ ಅಮೆ, ಹೆರಿಗೆಯ ಮೈಲಿಗೆ. ಮನೆಯಲ್ಲಿ ದೇವರ ದೀಪ ಹಚ್ಚುವಂತಿಲ್ಲ, ದೇವಸ್ಥಾನದ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ಮಗು ಹುಟ್ಟಿದ ಕೂಡಲೇ ಆ ಮನೆಯವರು ಬಳಿಯ ಮನೆಮನೆಗೆ ಹೋಗಿ ಅಮೆ ಹೇಳಿ ಬರಬೇಕು. ಕಿವಿಗೆ ಬಿದ್ದ ಗಳಿಗೆಯಿಂದ ಅಮೆ. ಬೀಳದಿದ್ದರೆ ಇಲ್ಲ.

"ನಂಗೆ ಯಾವ್ ಅಮೆಯೂ ಇಲ್ಲೆ," ಎಂದಳು ತುಂಗಾ. "ನಂಗೆ ತಂಗಿಯೇ ಇಲ್ಲೆ ಅಂದ್ಮೇಲೆ ತಂಗಿ ಮಗ್ಳ್ ಎಲ್ಲಿಂದ ಬಂತ್?"

"ಹೌದೌದ್," ಎಂದಳು ಬಾಗಿ, ಬದುಕಿದೆ ಅನ್ನುವ ಹಾಗೆ.

ಆದರೆ ತುಂಗಾಳ ಕೈ ಸುಮ್ಮನಿರಲಿಲ್ಲ. ಒಪ್ಪವಾಗಿ ಜೋಡಿಸಿದ್ದ ಬೂತಾಯಿ ಮೀನನ್ನು ಕೆಡವಿ ಮತ್ತೆ ಜೋಡಿಸಿತು. ಸೋಮವಾರ, ಮಂಗಳವಾರ ಎರಡೂ ದಿನ ರತ್ನಳ ಆಟೋ ಈ ದಾರಿಯಲ್ಲಿ ಬಂದಿರಲಿಲ್ಲ. ದಿನಾ ಹನ್ನೊಂದಕ್ಕೆ ಸರಿಯಾಗಿ ಬರುತ್ತಿತ್ತು. ಕೆರಾಡಿ ಕಡೆಯ ಮನೆಗಳಿಗೆಲ್ಲ ಮೀನು ಕೊಟ್ಟು, ಖಾಲಿ ಪೆಟ್ಟಿಗೆ ಹಾಕಿಕೊಂಡು, ಗಂಡ ಚಂದ್ರ ಬಿಡುವ ಆಟೋದಲ್ಲಿ ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತು ರತ್ನ ಹೆಮ್ಮಾಡಿಯನ್ನು ದಾಟುತ್ತಿದ್ದಳು. ಮೀನು ಖಾಲಿಯಾದರೂ ಆರಿಸದ ಮೈಕಿನಲ್ಲಿ ಅವಳದೇ ಸ್ವರ, ರೆಕಾರ್ಡು ಮಾಡಿ ಹಾಕಿದ್ದು: 'ಬಂಗ್ಡೆ ಇತ್ತೇ, ಬೂತಾಯಿ ಇತ್ತೇ, ಬನ್ನಿಯೇ ಅಕ್ಕ ತಂಗಿದೀರೇ!' ಅಕ್ಕತಂಗಿಯರಂತೆ. ಆ ಸ್ವರ ತಿರುವಿನಲ್ಲಿ ಕೇಳಿದ ಕೂಡಲೇ ತುಂಗಾ ರಸ್ತೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂರುತ್ತಿದ್ದಳು. ಏಳು ವರ್ಷದಿಂದ ನೋಡಿ ನೋಡಿ ಆ ಗೋಡೆಯಲ್ಲಿ ಎಷ್ಟು ಬಿರುಕಿದೆ ಅನ್ನುವುದೂ ಅವಳಿಗೆ ಬಾಯಿಪಾಠ. ಎರಡು ದಿನ ಆಟೋ ಬಾರದೆ ಇದ್ದಾಗ, ಮೈಗೆ ಹುಷಾರಿಲ್ಲವೋ ಏನೋ, ಮಲಗಲಿ ಅಂದುಕೊಂಡು ಖುಷಿಪಟ್ಟಿದ್ದಳು. ಖುಷಿಪಟ್ಟೂ ಹನ್ನೊಂದು ಗಂಟೆಗೆ ಎರಡೂ ದಿನ ಗೋಡೆಗೆ ತಿರುಗಿ ಕೂತಿದ್ದಳು, ಅಭ್ಯಾಸಬಲದಿಂದ.

ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಕೂತಿದ್ದಳು ಹಾಗಾದರೆ. ಶರಣ್ಯಾಳ ಮದುವೆಯಾಗಿ ಇನ್ನೂ ಒಂದೂವರೆ ವರ್ಷ.

"ಬಳಿಯರಿಗೆಲ್ಲ ಹೇಳಿ ಆಯ್ತಂಬ್ರಾ?" ಎಂದು ತುಂಗಾ, ಬೇರೇನೋ ಕೇಳುವ ಹಾಗೆ ಕೇಳಿದಳು.

"ಆಯ್ತ್ ಕಾಣತ್," ಎಂದಳು ಬಾಗಿ.

ತುಂಗಾ ಫೋನು ತೆಗೆದಳು. ಬೈಂದೂರಿನಲ್ಲಿ ಸೀತು ಅಂತ ಒಬ್ಬಳು ಮುದುಕಿ ಇದ್ದಾಳೆ, ಇವರ ಅಜ್ಜಿಗೆ ದೂರದ ಸಂಬಂಧ, ಎಂಬತ್ತು ದಾಟಿದೆ. ಬಳಿಯಲ್ಲಿ ಯಾರಾದರೂ ಮರೆತುಹೋಗುವುದಿದ್ದರೆ ಮೊದಲು ಮರೆಯುವುದು ಅವಳನ್ನೇ. ಅವಳಿಗೂ ಹೇಳಿರದಿದ್ದರೆ ಸಮಾಧಾನ.

"ಯಾರ್, ತುಂಗಾನಾ? ಹ್ವಾಯ್, ಎಷ್ಟ್ ವರ್ಷ ಆಯ್ತೇ ನಿನ್ ಸ್ವರ ಕೇಳಿ!" ಎಂದಿತು ಮುದುಕಿ, ಇವಳಿಗೆ ಬಾಯಿ ತೆರೆಯಲು ಬಿಡದೆ. "ಚಂದ್ರ ಬಂದಿದ್ದ ಸೋಮವಾರವೇ. ಅಷ್ಟ್ ದೂರದಿಂದ ಬಿಸ್ಲಿಗ್ ಬಂದಿದ್ದ, ಪಾಪ, ಒಂದ್ ಲೋಟ ನೀರ್ ಕುಡ್ಕಂಡ್ ಹೋದ. ಹೆಣ್ಣಂಬ್ರ್! ನಮ್ ಬಳಿಗೆ ಒಂದ್ ಹೆಣ್ಣ್ ಬಂತಲೇ ಮಗಾ, ಬಳಿ ಮುಂದ್ ಹೋತ್ತ್. ನಾನ್ ದೇವ್ರ ದೀಪ ಬಿಟ್ಟಿದೆ. ನೀನ್ ಕಂಡ್ಕ ಬಂದ್ಯಾ? ಯಾರ್ ಹಾಂಗ್ ಇತ್ತ್?"

"ಕಂಡಿದೆ," ಎಂದಳು ತುಂಗಾ. "ಲಾಯ್ಕ್ ಇತ್ತ್."

ಬೈಂದೂರಿಗೆ ಹೋಗಲು ಗೊತ್ತಾಯಿತು ಇವರಿಗೆ. ಹೆಮ್ಮಾಡಿಗೆ ದಾರಿ ಗೊತ್ತಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅಮೆ ಹೇಳಬಾರದು ಅಂದವಳು ತುಂಗಾಳೇ. ಏಳು ವರ್ಷದ ಹಿಂದೆ ಶರ್ಮಿಳಾಳ ಮದುವೆ. ಊಟ ನಡೆಯುತ್ತಿತ್ತು, ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಮದುಮಗ, ಬ್ರಹ್ಮಾವರದ ರವಿರಾಜನ ಮನೆಯವರು ಕಾದು ನಿಂತಿದ್ದರು. ತುಂಗಾ ಸೆರಗಿನಲ್ಲಿ ಕಣ್ಣೊರೆಸುತ್ತ ಎರಡೂ ಕೈ ಚಾಚಿದ್ದಳು. ಶರ್ಮಿಳಾ ಆ ಕೈಗಳನ್ನು ದಾಟಿ ಹೋಗಿ ಚಿಕ್ಕಿಯನ್ನು, ಅಂದರೆ ರತ್ನಳನ್ನು, ತಬ್ಬಿಕೊಂಡು ಗೋಳೋ ಎಂದು ಅತ್ತಳು. ಬಿಡಿಸಿದರೂ ಬಿಡಲಿಲ್ಲ. ತುಂಗಾ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದ ವರ್ಷಗಳಲ್ಲಿ ಆ ಮಗುವಿಗೆ ಉಣ್ಣಿಸಿ, ಮೀಯಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದವಳು ರತ್ನ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಮುನ್ನೂರು ಜನರೆದುರು ಚಾಚಿದ ಕೈ ಚಾಚಿದಂತೆ ಉಳಿಯುವುದು ಬೇರೆ. ಫೋಟೋದವನು ಅದನ್ನೇ ಹಿಡಿದ. ಆಲ್ಬಮ್ಮಿನ ರಟ್ಟಿನ ಮೇಲೂ ಅದೇ ಚಿತ್ರ. ಮೂಲೆಯಲ್ಲಿ ತುಂಗಾಳ ಅರ್ಧ ಕೈ.

ಆ ದಿನ ರತ್ನ ಊಟಕ್ಕೆ ಕೂತಾಗ ಎಲೆಗಳ ನಡುವೆ ನಿಂತು ತುಂಗಾ ಕೂಗಿದ್ದಳು: "ಇವತ್ತಿಂದ ನಂಗೆ ತಂಗಿ ಇಲ್ಲೆ. ನಂಗೂ ನಿಂಗೂ ಅಮೆ ಇಲ್ಲೆ, ಸೂತ್ಕ ಇಲ್ಲೆ. ನಾ ಸತ್ರೆ ನೀ ಮೀಬೇಡ, ನೀ ಸತ್ರೆ ನಾ ಮೀವ್ದಿಲ್ಲೆ!"

ಸತ್ತಾಗ ಮೀಯುವುದೂ ಬೇಡ ಅಂದ ಮೇಲೆ ಮುಗಿಯಿತು; ಅದಕ್ಕಿಂತ ದೊಡ್ಡ ಮಾತು ಈ ಕರಾವಳಿಯಲ್ಲಿ ಇಲ್ಲ. ರತ್ನ ಜಗಳ ಮಾಡಿದ್ದರೆ ತುಂಗಾಳಿಗೆ ಸಮಾಧಾನವಾಗುತ್ತಿತ್ತು. ಅವಳು ಎಲೆ ಮಡಚಿ, ಕೈ ತೊಳೆದು, "ಆಯ್ತ್ ಅಕ್ಕ," ಅಂದು ಹೊರಟುಹೋದಳು. ಜನ ಎಲ್ಲ ಪಾಪ ರತ್ನ, ಪಾಪ ರತ್ನ ಅಂದರು.

ಅಂದಹಾಗೆ ಮಾತಿಗೆ ತಪ್ಪದವಳು ರತ್ನಳೇ. ಬೇಡ ಅಂದಿದ್ದಳು ಅಕ್ಕ, ಹೇಳಲಿಲ್ಲ ತಂಗಿ. ಅಷ್ಟೇ ತಾನೇ? ಹಾಗಿದ್ದರೆ ಈ ಎದೆ ಯಾಕೆ ಹೀಗೆ ಉರಿಯಬೇಕು?

"ತುಂಗಕ್ಕ, ಆ ಮರಿತಾಟೆ ಎರ್ಡೂ ಕೊಡಿ ಕಾಂಬ." ಬಟ್ಟೆಯಂಗಡಿಯ ಸುಗುಣ ಚೀಲ ಹಿಡಿದು ನಿಂತಿದ್ದಳು, ದಿನದ ಗಿರಾಕಿ. "ನಮ್ ಪಕ್ಕದ್ಮನೆಲಿ ಬಾಣಂತಿ ಇತ್ತ್. ಮರಿತಾಟೆ ಸಾರ್ ಕುಡ್ಸ್ರೆ ಹಾಲ್ ಬತ್ತಲ್ದಾ."

"ಅದ್ ಮಾರಿ ಆಯ್ತ್."

"ಇಲ್ಲೇ ಇತ್ತಲೇ?"

"ಇಲ್ಲಿದ್ರೂ ಮಾರಿ ಆಯ್ತ್. ಬಂಗ್ಡೆ ತಕಣಿ."

ಬಾಗಿ ಕಣ್ಣಂಚಿನಲ್ಲಿ ನೋಡಿದಳು. ತುಂಗಾ ಎರಡು ಮರಿತಾಟೆಗಳನ್ನು, ಆ ಶಾರ್ಕ್ ಮರಿಗಳನ್ನು, ಮಂಜುಗಡ್ಡೆಯಡಿಗೆ ತಳ್ಳಿದಳು.

ಹತ್ತೂಕಾಲಿನ ಎಕ್ಸ್‌ಪ್ರೆಸ್ಸಿನಿಂದ ಶರ್ಮಿಳಾ ಇಳಿದಳು. ಹೆಗಲಲ್ಲಿ ದೊಡ್ಡ ಚೀಲ, ಕಣ್ಣಲ್ಲಿ ನಿದ್ದೆಯಿಲ್ಲ. ಬಂದವಳೇ ಅಬ್ಬಿಯ, ಅಂದರೆ ತಾಯಿಯ, ಪಕ್ಕದ ಮಣೆಯಲ್ಲಿ ಕೂತಳು. ಮೀನಿನ ವಾಸನೆಯ ನಡುವೆಯೂ ತುಂಗಾಳ ಮೂಗಿಗೆ ಇನ್ನೊಂದು ವಾಸನೆ ಹತ್ತಿತು: ಡೆಟಾಲು, ಬೇಬಿ ಪೌಡರು.

"ಎಲ್ಲಿಂದ ಬಂದೆ?"

"ಬ್ರಹ್ಮಾವರದಿಂದ, ಮತ್ತೆಲ್ಲಿಂದ?"

"ಕುಂದಾಪ್ರದಲ್ಲಿ ಇಳೀಲಿಲ್ಯಾ?"

ಶರ್ಮಿಳಾ ಬಾಗಿಯ ಮುಖ ನೋಡಿದಳು. ಬಾಗಿ ತಗಡಿನ ಮಾಡು ನೋಡಿದಳು.

"ಗೊತ್ತಾಯ್ತಾ ನಿಂಗೆ?" ಎಂದಳು ಶರ್ಮಿಳಾ.

"ನಂಗೆ ಎಲ್ಲ ಗೊತ್ತಾತ್ತ್. ಎಲ್ಲರಿಗೂ ಗೊತ್ತಾದ್ಮೇಲೆ. ನೀನ್ ಏಗ್ಳಿಕೆ ಹೋದ್ದ್?"

"ಭಾನುವಾರ ರಾತ್ರಿಯೇ. ಚಿಕ್ಕಿ ಫೋನ್ ಮಾಡಿತ್. ಒಳ್ಗೆ ಒಬ್ಬರನ್ನೇ ಬಿಡುದಂದ್ರ್, ಶರಣ್ಯಾ ನಾನೇ ಬೇಕ್ ಅಂದ್ಳ್." ಶರ್ಮಿಳಾ ತನ್ನ ಅಂಗೈ ನೋಡಿಕೊಂಡಳು. "ಮೊದ್ಲ್ ನನ್ ಕೈಲೇ ಕೊಟ್ಟದ್, ಅಬ್ಬಿ. ಇಷ್ಟೇ ಇತ್ತ್. ಒಂದ್ ಬೂತಾಯಿಯಷ್ಟ್ ಹಗೂರ."

ತುಂಗಾ ಮಗಳ ಅಂಗೈಯನ್ನೇ ನೋಡಿದಳು. ತನ್ನ ಮಗಳ ಬರಿಯ ಮಡಿಲಿಗೆ ಮೊದಲ ಮಗುವನ್ನು ಇಟ್ಟವಳೂ ರತ್ನಳೇ ಆದಳಲ್ಲ. ಅಮ್ಮನವರ ಹತ್ತಿರ ತಾನು ಏಳು ವರ್ಷದಿಂದ ಬೇಡುತ್ತಿರುವುದನ್ನು ಅವಳು ಒಂದು ಫೋನಿನಲ್ಲಿ ಕೊಟ್ಟುಬಿಟ್ಟಳು.

"ಹಾಂಗಾರೆ ಶುಕ್ರವಾರ ಕೊಲ್ಲೂರಿಗೆ ಹೇಂಗೆ ಬತ್ತಿದ್ದೆ ನೀನ್? ಮಗು ಎತ್ಕಂಡ್, ಅಮೆಲಿ?"

"ನಾನ್ ಒಳ್ಗ್ ಬತ್ತಿರ್ಲಿಲ್ಲೆ. ಹೊರಗ್ ಜೀಪ್ನಲ್ಲಿ ಕೂಕಂತಿದ್ದೆ, ಹೊಟ್ಟೆನೋವ್ ಅಂದ್ಕಂಡ್. ನೀನ್ ಒಬ್ಳೇ ಹೋಯಿ ಹರ್ಕೆ ಒಪ್ಸಿ ಬಾ ಅಂಬ್ದಿತ್ತ್. ನಿಂಗೆ ಯಾರೂ ಹೇಳ್ಲಿಲ್ಲೆ ಅಂದ್ರೆ ನಿಂಗ್ ಅಮೆ ಇಲ್ಲೆ ಅಲ್ದಾ. ಚಿಕ್ಕಿಯೇ ಹಾಂಗ್ ಮಾಡದ್."

"ಎಂತ ಮಾಡದ್?"

"ಸೋಮವಾರ ನೀನ್ ಮೀನ್ ತಪ್ಪೂಕೆ ದಕ್ಕೆಗ್ ಹೋದಾಗ ಚಂದ್ರ ಚಿಕ್ಕಪ್ಪ ಇಲ್ಲಿಗ್ ಬಂದಿದ್ದ. ಇವ್ರೆಲ್ಲರ್ಗೂ ಹೇಳಿ ಹೋಯ್ದ. ಶುಕ್ರವಾರ ಕಳೂವರಿಗೆ ತುಂಗಕ್ಕನ್ ಕಿವಿಗ್ ಹಾಕ್ಬೇಡಿ, ಎಷ್ಟೋ ಕಾಲದ್ ಹರ್ಕೆ, ತಪ್ಪೂದ್ ಬೇಡ ಅಂದ್ ರತ್ನ ಹೇಳಿ ಕಳ್ಸಿದ್ಳ್ ಅಂದ್."

ತುಂಗಾ ಮೆಲ್ಲಗೆ ತಿರುಗಿ ಸಾಲನ್ನು ನೋಡಿದಳು. ವಿನಯಾ ಕತ್ತಿ ಮಸೆಯುತ್ತಿದ್ದಳು. ಅದರಾಚೆಯವಳು ಸಿಗಡಿ ಸುಲಿಯುತ್ತಿದ್ದಳು. ಊರಿನ ಯಾವ ಸುದ್ದಿಯನ್ನೂ ಬಸ್ಸು ಒಂದು ಸ್ಟಾಪು ದಾಟುವವರೆಗೂ ಒಳಗಿಟ್ಟುಕೊಳ್ಳಲಾರದ ಬಾಯಿಗಳು ಇವು. ರತ್ನ ಒಂದು ಮಾತು ಹೇಳಿ ಕಳಿಸಿದ್ದಕ್ಕೆ ಎರಡು ದಿನ ಹೊಲಿದುಕೊಂಡು ಕೂತಿದ್ದವು. ತನ್ನ ಪಕ್ಕ ಕೂತು, ತನ್ನ ಎಲೆಅಡಿಕೆ ತಿಂದುಕೊಂಡು.

"ಅವ್ಳ್ ಅಷ್ಟ್ ಒಳ್ಳೇದ್ ಬಯ್ಸೂತಿಗೆ ನಾವ್ ಮಧ್ಯ ಹಾಳ್ ಮಾಡೂದ್ ಎಂತಕ್ಕೆ ಅಂದ್," ಎಂದಳು ವಿನಯಾ, ಕತ್ತಿಯಿಂದ ಕಣ್ಣು ತೆಗೆಯದೆ. "ಎಷ್ಟಂದ್ರೂ ರತ್ನ ಒಳ್ಳೆಯವ್ಳ್."

ಅದೇ. ಎಷ್ಟಂದರೂ ರತ್ನ ಒಳ್ಳೆಯವಳು. ಬೈದರೂ ಒಳ್ಳೆಯವಳು, ಬಿಟ್ಟರೂ ಒಳ್ಳೆಯವಳು. ಈಗ ಹರಕೆಯನ್ನೂ ಅವಳೇ ದಾನ ಮಾಡಿದ ಹಾಗಾಯಿತು. ಶುಕ್ರವಾರ ಸೇವಂತಿಗೆ ಮಾಲೆ ಹಿಡಿದು ಅಮ್ಮನವರ ಎದುರು ನಿಂತರೆ, ಹೋಗಲಿ ಪಾಪ ಅಂತ ರತ್ನ ಬಿಟ್ಟುಕೊಟ್ಟ ದಾರಿಯಲ್ಲಿ ಬಂದು ನಿಂತ ಹಾಗೆ. ನಾಳೆ ಶರ್ಮಿಳಾಳಿಗೆ ಮಗುವಾದರೆ ಅದೂ ರತ್ನಳ ಉಪಕಾರ. ಊರೆಲ್ಲ ಅದನ್ನೇ ಹೇಳುತ್ತದೆ.

"ಯತೀಶಂಗ್ ಫೋನ್ ಮಾಡ್," ಎಂದಳು ತುಂಗಾ. "ಜೀಪ್ ಬೇಡ ಅನ್ನ್."

"ಅಬ್ಬೀ!"

"ಮಾಡ್ ಅಂದೆ. ಮನೇಲ್ ಸೂತ್ಕ ಬಂದ್ರೆ ಹರ್ಕೆ ಮುಂದ್ ಹೋತ್ತಿಲ್ಯಾ? ಅಮೆ ಬಂದ್ರೂ ಹೋತ್ತ್. ಅಮ್ಮನೋರ್ ಎಲ್ಲಿಗೂ ಎದ್ಕಂಡ್ ಹೋತಿಲ್ಲೆ."

"ನಿಮ್ಗ್ ಅಮೆ ಇಲ್ಲೆ ಅಂದದ್ ನೀವೇ ಅಲ್ದಾ?" ಎಂದಳು ಬಾಗಿ, ತಡೆಯಲಾರದೆ.

"ಹೌದ್. ಇಲ್ಲೆ ಅಂದದ್ ನಾನ್. ಇತ್ತ್ ಅಂಬೂದಿದ್ರೂ ನಾನೇ ಅನ್ಕ್. ಅದನ್ ಇಟ್ಕಂಬೂಕೆ ಬಿಟ್ಬಿಡೂಕೆ ಅವ್ಳ್ ಯಾರ್?"

ಶರ್ಮಿಳಾ ಯತೀಶನಿಗೆ ಫೋನು ಮಾಡಿದಳು. ಅವಳ ಸ್ವರದಲ್ಲಿ ಬೇಸರವಿರಲಿಲ್ಲ ಅನ್ನುವುದನ್ನು ತುಂಗಾ ಗಮನಿಸಿದಳು. ಅದೂ ಚುಚ್ಚಿತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ವಂಡ್ಸೆ ರಸ್ತೆಯ ತಿರುವಿನಲ್ಲಿ ಸ್ವರ ಕೇಳಿತು: 'ಬಂಗ್ಡೆ ಇತ್ತೇ, ಬೂತಾಯಿ ಇತ್ತೇ...' ಎರಡು ದಿನ ಕಾದು ಕಾದು ಬೈದುಕೊಂಡಿದ್ದ ಕೆರಾಡಿಯ ಮನೆಗಳಿಗೆ ಮೀನು ಕೊಟ್ಟು, ಆಟೋ ಇನ್ನು ಕುಂದಾಪುರದ ಆಸ್ಪತ್ರೆಗೆ ಹೋಗುವುದು. ಆರು ಹೆಂಗಸರೂ ರೂಢಿಯಂತೆ ತುಂಗಾಳ ಕಡೆ ನೋಡಿದರು. ತುಂಗಾ ಗೋಡೆಗೆ ತಿರುಗಲಿಲ್ಲ. ಎದ್ದಳು. ಕೈ ತೊಳೆದು, ಸೀರೆಯ ನೆರಿಗೆ ಕೊಡವಿ, ರಸ್ತೆಯಂಚಿಗೆ ಬಂದು ನಿಂತಳು.

"ಹ್ವಾಯ್! ನಿಲ್ಸಾ!"

ಚಂದ್ರ ಗಾಬರಿಯಲ್ಲಿ ಬ್ರೇಕು ಒತ್ತಿದ. ಆಟೋ ಹತ್ತು ಮಾರು ಮುಂದೆ ಹೋಗಿ ನಿಂತಿತು. ಮೈಕು ಮಾತ್ರ 'ಬನ್ನಿಯೇ ಅಕ್ಕ ತಂಗಿದೀರೇ' ಅನ್ನುತ್ತಲೇ ಇತ್ತು. ಅದನ್ನು ಆರಿಸಲು ಅವನಿಗೆ ಮೂರು ಸಲ ಗುಂಡಿ ಒತ್ತಬೇಕಾಯಿತು.

ರತ್ನ ತಲೆ ಹೊರಗೆ ಹಾಕಿದಳು. ಕೂದಲು ನೆರೆತಿತ್ತು. ದಿನಾ ಬೆನ್ನು ಹಾಕಿ ಕೂತವಳಿಗೆ ಅದು ಗೊತ್ತಾಗುವುದು ಹೇಗೆ?

"ಅಮೆ ಹೇಳೂಕ್ ಗೊತ್ತಿಲ್ಯಾ ನಿಮ್ಗೆ?" ಎಂದಳು ತುಂಗಾ.

ರತ್ನ ಸಾಲಿನ ಕಡೆ ನೋಡಿದಳು. ಬಾಗಿ ಬಂಗುಡೆಯ ಹಿಂದೆ ಬಗ್ಗಿದಳು.

"ನಿಂಗ್ ಶುಕ್ರವಾರ ಕೊಲ್ಲೂರ್ ಇತ್ತಲೇ ಅಕ್ಕ..."

"ಕೊಲ್ಲೂರ್ ವಿಷ್ಯ ನಾ ಕಂಡ್ಕಂತೆ. ಬೈಂದೂರ್ ಸೀತಜ್ಜಿಗ್ ಹೇಳೂಕ್ ಆತ್ತ್, ನಂಗ್ ಹೇಳೂಕೆ ಕಾಲ್ ನೋವಾ? ಇಳಿ. ಇಳ್ದ್ ಹೇಳ್. ಕೂಕಂಡ್ ಅಮೆ ಹೇಳುದಾ ಯಾರಾರೂ?"

ರತ್ನ ಇಳಿದಳು. ಬಿಸಿಲಿಗೆ ಬಂದು ಅಕ್ಕನೆದುರು ನಿಂತಳು. ತುಂಗಾ ಅವಳನ್ನು ಅಲ್ಲೇ ನಿಲ್ಲಿಸಿಕೊಂಡಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು. ಎರಡು ಲಾರಿ, ಒಂದು ಬಸ್ಸು ಹಾದುಹೋದವು.

"ಹೂಂ."

"ಶರಣ್ಯಂಗೆ ಹೆಣ್ಣ್ ಮಗು, ಅಕ್ಕ," ಎಂದಳು ರತ್ನ. ಸ್ವರ ಮೈಕಿನ ಸ್ವರದ ಹಾಗಿರಲಿಲ್ಲ. "ಸೋಮವಾರ ಬೆಳಗಿನ್ ಜಾವ. ನಿಮ್ ಮನೆಗೆ ಹನ್ನೊಂದ್ ದಿನ ಅಮೆ."

"ಆಯ್ತ್," ಎಂದಳು ತುಂಗಾ. ಆಮೇಲೆ, "ಯಾರ್ ಹಾಂಗಿತ್ತ್?"

"ಮೂಗ್ ಪೂರ ನಿಂದೇ."

"ಸುಳ್ಳ್ ಹೇಳ್ಬೇಡ. ಎಲ್ಲರ್ಗೂ ಚಂದ ಕಾಂಬ್ಹಾಂಗ್ ಮಾತಾಡೂಕೆ ನಿನ್ನಿಂದ ಕಲೀಕ್."

"ಕಂಡ್ಕಂಡೇ ಹೇಳ್, ಬಾ," ಎಂದಳು ರತ್ನ.

ತುಂಗಾ ವಾಪಸು ಹೋಗಿ ಮಂಜುಗಡ್ಡೆಯಡಿಯಿಂದ ಎರಡು ಮರಿತಾಟೆ ತೆಗೆದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕಟ್ಟಿದಳು. "ಬಾಗಿ, ಬುಟ್ಟಿ ಕಂಡ್ಕ. ನಿನ್ ಬಾಯಿಗಿಂತ ಚಂದ ಕಂಡ್ಕ," ಅಂದಳು.

ಅವಳು ಆಟೋದ ಹತ್ತಿರ ಬರುವಷ್ಟರಲ್ಲಿ ರತ್ನ ಒಳಗೆ ಸರಿದು ಕೂತಿದ್ದಳು. ಅವಳಿಗೆ ಅಂಟಿಕೊಂಡು ಶರ್ಮಿಳಾ ಆಗಲೇ ಕೂತಾಗಿತ್ತು, ಚಿಕ್ಕಿಯ ತೊಡೆಯ ಮೇಲೆ ಕೈಯಿಟ್ಟುಕೊಂಡು. ಅಂಚಿನಲ್ಲಿ ತುಂಗಾಳಿಗೆ ಬೇಕಾದಷ್ಟು ಜಾಗವಿತ್ತು. ತುಂಗಾ ಅದನ್ನು ನೋಡಿದಳು. ಆಮೇಲೆ ಖಾಲಿ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಮಗಳ ಭುಜ ಹಿಡಿದು ಅವಳನ್ನು ಅಂಚಿಗೆ ಸರಿಸಿ, ಮರಿತಾಟೆಯ ತೊಟ್ಟೆ ಮಡಿಲಲ್ಲಿಟ್ಟುಕೊಂಡು, ಇಬ್ಬರ ನಡುವೆ ಕೂತಳು.